ಒಣತಾರ್ಲೆ ತಿಂದ ಬೆಟ್ಟದ ಮೀನು

ಮಾವಿನಕುರ್ವೆ, ಹೊನ್ನಾವರ ತಾಲೂಕು
ತಾ. ೨೨-೯-೧೯೬೩, ರವಿವಾರ

ಗಣಪಿಯ ಅಪ್ಪನಿಗೆ ಬಂಗಾರಿ ಮಾಡುವ ನಮಸ್ಕಾರಗಳು.

ನಿಮ್ಮ ಆರೋಗ್ಯ ಹೇಗಿದೆ? ಅಲ್ಲಿ ಈಗಾಗಲೇ ಚಳಿ ಶುರುವಾಗಿರಬೇಕು. ಹಿಮ್ಮಡಿಯ ಒಡಕಿಗೆ ಮುರುಗಲ ತುಪ್ಪ ಹಚ್ಚುತ್ತೀರೋ, ನಾನು ಕಳಿಸಿದ ಡಬ್ಬಿ ಹಾಗೆಯೇ ಕೂತಿದೆಯೋ? ಸದಾ ತಣ್ಣೀರಿನಲ್ಲಿ ನಿಲ್ಲುವ ಕಾಲು, ಸ್ವಲ್ಪ ನೋಡಿಕೊಳ್ಳಿ. ನಾವು ಇಲ್ಲಿ ಕ್ಷೇಮ. ಗಣಪಿಯ ದಮ್ಮು ಪೂರ್ತಿ ಹೋಗಿದೆ. ಹೋದ ವಾರ ಹೊನ್ನಾವರದ ಡಾಕ್ಟರು ಅವಳ ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಎದೆ ಸ್ವಚ್ಛವಾಗಿದೆ, ಇನ್ನು ಯಾವ ಹವೆಗಾದರೂ ಕರೆದುಕೊಂಡು ಹೋಗಬಹುದು ಎಂದರು. ಅವಳಿಗಾಗಿಯೇ ಬೆಟ್ಟ ಇಳಿದು ಬಂದೆವಲ್ಲ, ಎರಡು ಮಳೆಗಾಲ ಕಳೆದೇ ಹೋಯಿತು. ಚವತಿಗಾದರೂ ನೀವು ಬರುತ್ತೀರೆಂದು ಅವಳು ದಿನಾ ದೋಣಿಯ ಧಕ್ಕೆಗೆ ಹೋಗಿ ನಿಲ್ಲುತ್ತಿದ್ದಳು.

ನಿಮ್ಮ ಪತ್ರ ಬುಧವಾರ ಬಂತು. ಎಂದಿನಂತೆ ಅತ್ತೆಯನ್ನೂ ತಿಮ್ಮ ಭಾವನನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ. ಗುಡ್ಡ ಕುಸಿದು ಪೇಟೆಯ ರಸ್ತೆ ಮುಚ್ಚಿದ್ದು, ನಿಮ್ಮ ಕೊಳದ ಟ್ರೌಟ್ ಮೀನಿಗೆ ಹಾಕುವ ಕುರಿಯ ಲಿವರ್ ಬಾರದೆ ಹೋದದ್ದು, ಹಸಿದ ಮರಿಗಳು ಒಂದರ ಬಾಲ ಒಂದು ಕಚ್ಚಲು ಶುರು ಮಾಡಿದ್ದು, ಕಡೆಗೆ ಅತ್ತೆ ನಿಮಗೆಂದು ಬೇಸಗೆಯಲ್ಲಿ ಕಳಿಸಿದ್ದ ಒಣತಾರ್ಲೆ ಮೀನನ್ನು ನೀವು ನೆನೆಹಾಕಿ, ಉಪ್ಪು ತೆಗೆದು, ನಾನು ಬಿಟ್ಟು ಬಂದ ಒರಳಿನಲ್ಲಿ ರುಬ್ಬಿ ಹಾಕಿದ್ದು. ಅಲ್ಲಿಯವರೆಗೆ ಎಲ್ಲರೂ ನಗುತ್ತಲೇ ಕೇಳಿದೆವು. ಸಮುದ್ರದ ಮಕ್ಕಳಿಗೆ ಹೊಳೆಯುವುದೇ ಅದು. ಮಳೆಗಾಲದಲ್ಲಿ ಮನೆಯಲ್ಲಿ ಏನೂ ಇಲ್ಲದಿದ್ದರೆ ಒಣಮೀನಿನ ಡಬ್ಬಿಗೆ ಕೈ ಹಾಕುವುದು. ಆಮೇಲೆ ಮುಂದಿನದನ್ನು ಓದಿದೆ. ಮರಿಗಳ ಮೈ ಕಪ್ಪಾದದ್ದು, ಕಿವಿರು ಬಿಳಿಚಿದ್ದು, ತೇಲಿದವನ್ನು ಸೀಳಿ ನೋಡಿದರೆ ಲಿವರ್ ಅರಿಶಿನದಂತೆ ಹಳದಿಯಾಗಿದ್ದು. ತಾರ್ಲೆಯ ಮೈಯಲ್ಲಿರುವ ಎಣ್ಣೆ ಬೆಟ್ಟದ ತೇವಕ್ಕೆ ಡಬ್ಬಿಯೊಳಗೇ ಕಮಟಾಗಿ ಮರಿಗಳಿಗೆ ನಂಜಾಯಿತು ಎಂದು ನಿಮ್ಮ ಮೇನೇಜರು ಹೇಳಿದ್ದು. ಅವರು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ ಎಂದು ಬರೆದಿದ್ದೀರಿ. ಬರುವ ಒಂದನೇ ತಾರೀಕಿಗೆ ಕೆಲಸ ಬಿಟ್ಟು ಬಂದು ತಿಮ್ಮನ ದೋಣಿ ಸೇರುತ್ತೇನೆ, ನೀನು ಏನು ಹೇಳುತ್ತೀ ಎಂದು ನನ್ನನ್ನು ಕೇಳಿದ್ದೀರಿ.

ತಿಮ್ಮ ಭಾವನಿಗೆ ಖುಷಿಯೋ ಖುಷಿ. "ಅಣ್ಣ ಬರ್ಲಿ, ಬಲೆ ಎಳೂಕೆ ಒಂದು ಆಳು ಕಮ್ಮಿ ಇತ್ತು" ಎಂದ. ನಮ್ಮ ಮದುವೆಯಾದ ವರ್ಷ ಬಾಡ ಊರಿನ ನೆಂಟರ ಮನೆಗೆ ದೋಣಿಯಲ್ಲಿ ಹೊರಟದ್ದು ನಿಮಗೆ ಮರೆತಿರಲಾರದು. ಅಳಿವೆ ದಾಟುವ ಮೊದಲೇ ನೀವು ದೋಣಿಯ ಅಂಚು ಹಿಡಿದು ಬಗ್ಗಿದವರು ದಡ ಮುಟ್ಟುವ ತನಕ ತಲೆ ಎತ್ತಲಿಲ್ಲ. ಹೊಸ ಸೀರೆ ಉಟ್ಟ ನಾನು ನಿಮ್ಮ ಬೆನ್ನು ನೀವುತ್ತಾ, ಇಂಥ ಮೀನುಗಾರನನ್ನು ನನಗೆ ಯಾರು ಹುಡುಕಿದರಪ್ಪಾ ಎಂದುಕೊಂಡೆ. ನನ್ನ ಅವ್ವನ ತಮ್ಮ ನಾಗಪತಿ ಮಾವ ನಿಮಗೆ ಆ ಚಹಾ ತೋಟದವರ ಮೀನುಕೊಳದಲ್ಲಿ ಕೆಲಸ ಕೊಡಿಸಿದ್ದೂ ಅದನ್ನು ಕಂಡ ಮೇಲೆಯೇ. ಅಲುಗಾಡದ ನೆಲದ ಮೇಲೆ ನಿಂತು ಮಾಡುವ ಮೀನಿನ ಕೆಲಸ ಲೋಕದಲ್ಲಿ ಅದೊಂದೇ ಇದ್ದದ್ದು ಎಂದು ಅವರು ಈಗಲೂ ನಗುತ್ತಾರೆ.

ಪತ್ರ ಓದಿದಾಗಿನಿಂದ ಬೆಟ್ಟದ ದಿನಗಳೇ ಕಣ್ಣ ಮುಂದೆ ಬರುತ್ತಿವೆ. ಮೊದಲ ಚಳಿಗಾಲದ ಬೆಳಿಗ್ಗೆ ಹುಲ್ಲಿನ ಮೇಲೆ ಬೆಳ್ಳಗೆ ಬಿದ್ದದ್ದನ್ನು ಕಂಡು, ಯಾರೋ ಉಪ್ಪು ಚೆಲ್ಲಿದ್ದಾರೆಂದು ಬೆರಳಿಗೆ ಹಚ್ಚಿ ನಾಲಗೆಗೆ ಇಟ್ಟವಳು ನಾನು. ನೀವು ಅದನ್ನು ತೋಟದವರಿಗೆಲ್ಲ ಹೇಳಿ ನನ್ನ ಮಾನ ಕಳೆದಿರಿ. ಆಮೇಲೆ ಮೊಟ್ಟೆ ತೆಗೆಯುವ ಕಾಲ ಬಂತು. ತುಂಬಿದ ಹೆಣ್ಣು ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ನೀವು ಹೊಟ್ಟೆಯನ್ನು ಮೆಲ್ಲಗೆ ನೀವಿದರೆ ಕೇಸರಿ ಬಣ್ಣದ ಮೊಟ್ಟೆಗಳು ಬೋಗುಣಿಗೆ ಜಾರುತ್ತಿದ್ದವು. ಮೀನು ಸಾಯುತ್ತಿರಲಿಲ್ಲ, ಅದನ್ನು ಮತ್ತೆ ನೀರಿಗೆ ಬಿಡುತ್ತಿದ್ದಿರಿ. ಮೀನಿನ ಮೊಟ್ಟೆ ಎಂದರೆ ಹುರಿದು ತಿನ್ನುವುದು ಎಂದಷ್ಟೇ ಗೊತ್ತಿದ್ದ ನಾನು ಬಾಯಿ ಬಿಟ್ಟು ನೋಡಿದ್ದೆ. ಗಂಡು ಮೀನಿನ ಹಾಲನ್ನು ಅದಕ್ಕೆ ಬಿಟ್ಟು ಕೋಳಿ ಪುಕ್ಕದಲ್ಲಿ ಕದಡುವುದು, ತಟ್ಟೆಯಲ್ಲಿ ಸತ್ತು ಬೆಳ್ಳಗಾದ ಮೊಟ್ಟೆಗಳನ್ನು ಬಿದಿರ ಚಿಮಟದಿಂದ ಹೆಕ್ಕುವುದು ನನ್ನ ಪಾಲಿಗೆ ಬಂತು. ಒಂದನ್ನು ಬಿಟ್ಟರೂ ಹತ್ತಿಯಂಥ ಬೂಸ್ಟು ಬೆಳೆದು ಪಕ್ಕದ್ದನ್ನೂ ಹಿಡಿಯುತ್ತದೆ ಎಂದು ನೀವು ಹೆದರಿಸಿದ್ದಿರಿ. ಕೈ ಮರಗಟ್ಟಿದಾಗ ನನ್ನ ಬೆರಳುಗಳನ್ನು ನಿಮ್ಮ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದಿರಿ. ಇದನ್ನು ಬರೆಯುವಾಗ ಅತ್ತೆ ಪಕ್ಕದಲ್ಲಿಲ್ಲ, ಆದ್ದರಿಂದ ಬರೆದೆ.

ಮರಿಗಳು ಒಡೆದು ಬಂದಾಗ ಹೊಟ್ಟೆಯ ಕೆಳಗೆ ಒಂದು ಹಳದಿ ಚೀಲ ಜೋತಿರುತ್ತಿತ್ತಲ್ಲ, ಅದು ಅವು ತಾಯಿಯಿಂದ ಕಟ್ಟಿಸಿಕೊಂಡು ಬಂದ ಬುತ್ತಿ, ಅದು ಕರಗುವ ತನಕ ಬೇರೆ ಏನೂ ಬೇಡ ಎಂದು ನೀವು ಹೇಳಿದ ದಿನ ನನಗೆ ಯಾಕೋ ಅಳು ಬಂದಿತ್ತು. ಬುತ್ತಿ ಮುಗಿದ ಮೇಲೆ ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ತೆಳು ಬಟ್ಟೆಯಲ್ಲಿ ಹಿಂಡಿ ಹಾಕಬೇಕು, ಸ್ವಲ್ಪ ಸ್ವಲ್ಪವೇ, ಹೆಚ್ಚಾದರೆ ತಳದಲ್ಲಿ ಕೊಳೆಯುತ್ತದೆ. ಇನ್ನಷ್ಟು ಬೆಳೆದ ಮೇಲೆ ಲಿವರನ್ನು ಚಮಚದಲ್ಲಿ ಕೆರೆದು ಹಾಕಬೇಕು. ಬಸುರಿಯಾಗಿದ್ದ ನಾನು ಆ ವಾಸನೆಗೆ ಸೆರಗನ್ನು ಮೂಗಿಗೆ ಸುತ್ತಿಕೊಳ್ಳುತ್ತಿದ್ದೆ. ಆದರೂ ನಾನು ಕೊಳದ ಬಳಿ ಹೋದರೆ ಮರಿಗಳೆಲ್ಲ ನನ್ನ ಕಡೆಗೆ ತಿರುಗುತ್ತಿದ್ದವು. ಗಣಪಿಗಿಂತ ಮೊದಲು ನಾನು ಉಣಿಸಿ ಬೆಳೆಸಿದ್ದು ಅವನ್ನೇ.

ಆ ಬೆಟ್ಟ ನನ್ನ ಕೈಗೆ ಕೆಟ್ಟ ಅಭ್ಯಾಸವನ್ನೂ ಅಂಟಿಸಿದೆ. ನೀವು ಸತ್ತ ಮೀನೊಂದನ್ನು ಹಲಗೆಯ ಮೇಲೆ ಬಿಡಿಸಿ ಇದು ಗಾಳಿಚೀಲ, ಇದು ಪಿತ್ತ, ಬೆನ್ನುಮೂಳೆಗೆ ಅಂಟಿದ ಈ ಕಪ್ಪು ಗೆರೆಯೇ ಮೂತ್ರಪಿಂಡ ಎಂದು ತೋರಿಸಿದಿರಿ. ಹುಟ್ಟಿದಾಗಿನಿಂದ ನಾನು ಅದನ್ನು ಹೆಪ್ಪುಗಟ್ಟಿದ ರಕ್ತವೆಂದು ಉಗುರಲ್ಲಿ ಕೆರೆದು ಬಿಸಾಡಿದವಳು. ಈಗ ಇಲ್ಲಿ ಯಾವ ಮೀನು ಕೊಯ್ದರೂ ಮೊದಲು ಲಿವರಿನ ಬಣ್ಣ ನೋಡುತ್ತೇನೆ. ಕಂದುಗೆಂಪಾಗಿದ್ದರೆ ಸಮಾಧಾನ. ಅತ್ತೆ ಒಲೆಯ ಮುಂದಿನಿಂದ ಕೂಗುತ್ತಿದ್ದರು, "ಎಂತ ನೋಡ್ತೆ ಅದ್ರ ಹೊಟ್ಟೇಲಿ? ಸಾರಿಗೆ ಹೊತ್ತಾತು."

ಆ ಅತ್ತೆಯ ವಿಷಯವನ್ನೇ ಬರೆಯಬೇಕು. ಪತ್ರ ಕೇಳಿದ ದಿನ ಅವರಿಗೆ ಸಿಟ್ಟು ನೆತ್ತಿಗೇರಿತ್ತು. "ನನ್ನ ತಾರ್ಲೆ ತಿಂದ್ಕಂಡು ಈ ಕುರ್ವೇಲಿ ಯಾರೂ ಸತ್ತದ್ದಿಲ್ಲ. ಅದು ಎಂತ ಮೀನು, ಮೀನು ತಿಂದ್ರೆ ಸಾಯೂದು?" ಎಂದು ಅಂಗಳದಲ್ಲಿ ನಿಂತು ಅಕ್ಕಪಕ್ಕದವರಿಗೆಲ್ಲ ಕೇಳಿಸಿದರು. ಮರುದಿನದಿಂದ ಮಾತೇ ಇಲ್ಲ. ಮಳೆ ನಿಂತು ಸಮುದ್ರ ತೆರೆದು ತಾರ್ಲೆ ರಾಶಿ ರಾಶಿ ಬರುತ್ತಿದೆ, ಬಿಸಿಲೂ ಬಿದ್ದಿದೆ, ಎಲ್ಲರ ಮೀನೂ ಮರಳ ಮೇಲೆ ಒಣಗುತ್ತಿದೆ. ನಮ್ಮ ಮನೆಯ ಚಾಪೆಗಳು ಮಾತ್ರ ಸುತ್ತಿ ಗೋಡೆಗೆ ಒರಗಿವೆ. ಅತ್ತೆ, ನೀವು ಕಳಿಸುವಾಗ ಮೀನು ಚೆನ್ನಾಗಿಯೇ ಇತ್ತು, ಅಲ್ಲಿಯ ತೇವಕ್ಕೆ ಕೆಟ್ಟದ್ದು ಎಂದು ಎಷ್ಟು ಹೇಳಿದರೂ ಅವರ ಕಿವಿಗೆ ಹೋಗಲಿಲ್ಲ. ತಮ್ಮ ಕೈಯಿಂದ ಮಗನ ಕೆಲಸ ಹೋಯಿತು ಎಂದು ಒಳಗೊಳಗೇ ಕೊರಗುತ್ತಿದ್ದಾರೆ.

ಇನ್ನು ನಾನು ಏನು ಹೇಳಲಿ? ನೀವು ಬಂದರೆ ಈ ಊರಲ್ಲಿ ನನಗಿಂತ ಹೆಚ್ಚು ಸಂತೋಷಪಡುವವರು ಯಾರೂ ಇಲ್ಲ. ನಿಮ್ಮನ್ನು ನೋಡದೆ ಜೀವ ಬೇಸತ್ತಿದೆ, ಇದನ್ನು ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಆದರೆ ಹೀಗೆ ತಲೆ ತಗ್ಗಿಸಿಕೊಂಡು ಬಂದರೆ ನೀವು ತಾಯಿಯ ಮುಖ ಹೇಗೆ ನೋಡುತ್ತೀರಿ, ಅವರು ನಿಮ್ಮ ಮುಖ ಹೇಗೆ ನೋಡುತ್ತಾರೆ ಎಂದು ಹೆದರಿಕೆಯಾಗುತ್ತದೆ. ಮರಿಗಳು ಹಸಿದಿದ್ದಾಗ ಕೈಯಲ್ಲಿದ್ದದ್ದನ್ನು ಹಾಕಿದಿರಿ. ತಪ್ಪಾಯಿತು ನಿಜ. ಏನು ಉತ್ತರ ಬರೆಯಲೆಂದು ಯೋಚಿಸಿದರೆ ಒಂದು ದಿನ ಬನ್ನಿ ಎನ್ನಬೇಕೆನಿಸುತ್ತದೆ, ಇನ್ನೊಂದು ದಿನ ಬೇಡ ಎನ್ನಬೇಕೆನಿಸುತ್ತದೆ. ನಿಮಗೆ ಸರಿ ಕಂಡ ಹಾಗೆ ಮಾಡಿ.

ತಿಮ್ಮ ಭಾವ ನಿಮ್ಮ ಕ್ಷೇಮ ಕೇಳಿದ್ದೇನೆಂದು ಬರೆಯಲು ಹೇಳಿದ. ಗಣಪಿ ಈಗ ತನ್ನ ಹೆಸರನ್ನು ತಾನೇ ಬರೆಯುತ್ತಾಳೆ, ಕೆಳಗೆ ಸೊಟ್ಟಗೆ ಇರುವುದು ಅದೇ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಬಂಗಾರಿ
ಗಣಪಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅತ್ತೆ ಬಂದು ಪಕ್ಕದಲ್ಲಿ ಕೂತರು. ಇಷ್ಟು ದಿನ ಮಾತಾಡದವರು ಮೆಲ್ಲಗೆ ಕೇಳಿದರು, "ಸತ್ತದ್ದೆಲ್ಲ ಬರ್ದ. ಬದ್ಕಿದ್ದು ಎಷ್ಟಿತ್ತು ಅಂತ ಬರೀಲೇ ಇಲ್ಲ. ಅವಕ್ಕೆ ಈಗ ಯಾರು ತಿನ್ಸ್ತ್ರು?" ನಿಮ್ಮ ಪತ್ರ ತೆಗೆದು ಮೊದಲಿಂದ ಕೊನೆಯವರೆಗೆ ಮತ್ತೆ ನೋಡಿದೆ. ಹೌದು, ಬದುಕಿದವುಗಳ ಮಾತೇ ಇಲ್ಲ. "ಅವ ಇಲ್ಲಿ ಬಂದ್ರೆ ಅವು ಎಂತ ಮಾಡೂದು?" ಎಂದರು. ಮೇಲೆ ನಾನು ಬರೆದ ಅದೂ ಇದೂ ಎಲ್ಲ ಬಿಡಿ. ರಾಜೀನಾಮೆ ಕೊಡಬೇಡಿ, ಕೊಟ್ಟಿದ್ದರೆ ಮೇನೇಜರ ಕಾಲು ಹಿಡಿದಾದರೂ ವಾಪಸು ತೆಗೆದುಕೊಳ್ಳಿ. ಬರುವ ಶುಕ್ರವಾರ ನಾನೂ ಗಣಪಿಯೂ ಹೊರಡುತ್ತೇವೆ, ತಾಳಗುಪ್ಪದಲ್ಲಿ ತಿಮ್ಮ ಭಾವ ರೈಲು ಹತ್ತಿಸುತ್ತಾನೆ. ಅತ್ತೆಯೇ ಹೊರಡಿಸುತ್ತಿದ್ದಾರೆ. ಉತ್ತರ ಬರೆಯಬೇಡಿ, ಅದು ಇಲ್ಲಿ ಮುಟ್ಟುವಾಗ ನಾವಿರುವುದಿಲ್ಲ. ನಾವು ಅಲ್ಲಿ ಮುಟ್ಟುವಾಗ ನೀವಿರಿ.