ಒಳಗಿನ ಚಿಲಕ

ಭಾನುವಾರ, ಬೆಳಗ್ಗೆ

ನನ್ನ ರೇಡಿಯೊ,

ಈ ಕಾಗದವನ್ನು ಓದಿ ಹೇಳಿ ಎಂದು ಯಾರನ್ನೂ ಕರೆಯಬೇಡ. ಬೆರಳಿಟ್ಟು ನೋಡು. ಹೌದು, ಬ್ರೈಲ್. ನಿನ್ನ ಟೈಲರಮ್ಮ ಕಲಿತೇಬಿಟ್ಟಳು. ಬಲದಿಂದ ಎಡಕ್ಕೆ ಚುಚ್ಚುತ್ತಾ ಹೋಗಬೇಕಾದ ಈ ನಿಮ್ಮ ಬರಹ ನನ್ನ ತಲೆ ತಿಂದುಹಾಕಿದೆ. ಒತ್ತಕ್ಷರ ಬಂದಲ್ಲೆಲ್ಲ ಎಡವಿದ್ದೇನೆ, ನಕ್ಕು ಮುಂದೆ ಹೋಗು. ಫೋನ್ ಮಾಡಿದರೆ ನಿನ್ನ ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಇದು ನಮ್ಮಿಬ್ಬರ ನಡುವೆಯೇ ಇರಲಿ ಎಂದು ಹೀಗೆ ಬರೆಯುತ್ತಿದ್ದೇನೆ.

ಹೋದ ವಾರ ಫೋನಿನಲ್ಲಿ ನೀನು, "ಅತ್ತಿಗೆ ತುಂಬಾ ಒಳ್ಳೆಯವ್ರು ಕಣೇ, ಕೂತಲ್ಲಿಗೇ ಊಟ ತಂದುಕೊಡ್ತಾರೆ," ಅಂದೆ. ಅವರು ಒಳ್ಳೆಯವರೇ, ಅನುಮಾನವಿಲ್ಲ. ಅಣ್ಣನ ಮನೆಗೆ ಹೋದ ಹೊಸತರಲ್ಲಿ ಸೈಕಲ್ ತಗುಲಿ ರಸ್ತೆಯಲ್ಲಿ ಬಿದ್ದೆಯಲ್ಲ, ಅಂದಿನಿಂದ ನೀನು ಹೊಸ್ತಿಲು ದಾಟಿದರೆ ನಿನ್ನ ಅಣ್ಣನ ಎದೆ ಹೊಡೆದುಕೊಳ್ಳುತ್ತದೆ. ಅದೂ ಅರ್ಥವಾಗುತ್ತದೆ. ಆದರೆ ನಿನ್ನ ದನಿ ಎಷ್ಟು ಸಣ್ಣದಾಗಿತ್ತು ಗೊತ್ತೆ? ಇಡೀ ಬೀದಿಗೆ ಕೇಳುವ ಹಾಗೆ ಮಾತಾಡುತ್ತೀಯ ಎಂದೇ ನಿನಗೆ ರೇಡಿಯೊ ಎಂದು ಹೆಸರಿಟ್ಟವಳು ನಾನು. ಆ ದಿನ ನನಗೆ ಊಟ ಸೇರಲಿಲ್ಲ.

ಈ ಮನೆಗೆ ಬಂದ ಮೊದಲ ಸಂಜೆ ನೆನಪಿದೆಯೆ? ನಾನು ಕಾಲಿಲ್ಲದ ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಬಂದಿದ್ದೆ, ನೀನು ಅಂಧರ ಶಾಲೆಯಿಂದ. ಈ ಮನೆ ಕೊಟ್ಟ ಸಂಸ್ಥೆಯ ಅಕ್ಕ ಇಬ್ಬರ ಕೈಗೂ ಒಂದೊಂದು ಬೀಗದ ಕೈ ಕೊಟ್ಟು, "ಇನ್ನು ನಿಮ್ಮನೆ, ನಿಮ್ಮಿಷ್ಟ. ವಾರಕ್ಕೊಂದ್ಸಲ ಬಂದು ಹೋಗ್ತೀನಿ, ಏನಾದ್ರೂ ಬೇಕಿದ್ರೆ ಫೋನ್ ಮಾಡಿ," ಎಂದು ಹೊರಟುಬಿಟ್ಟರು. ನೀನು ಗೋಡೆ ತಡವಿಕೊಂಡು ಬಚ್ಚಲಿಗೆ ಹೋದವಳು ಅಲ್ಲಿಂದಲೇ, "ಇಲ್ಲಿ ಒಳಗಡೆ ಚಿಲಕ ಇದೆ ಕಣೇ," ಎಂದು ಕೂಗಿದೆ. ನಮ್ಮ ಹಾಸ್ಟೆಲಿನ ಬಚ್ಚಲಿಗೆ ಒಳಗಿನಿಂದ ಚಿಲಕವಿರಲಿಲ್ಲ, ಯಾರಾದರೂ ಬಿದ್ದರೆ ಕಷ್ಟ ಎಂದು. ಚಿಕ್ಕಂದಿನಿಂದ ಬಾಗಿಲ ಮೇಲೊಂದು ಕಣ್ಣಿಟ್ಟೇ ಸ್ನಾನ ಮಾಡಿದವಳು ನಾನು. ಅಂದು ಸರದಿಯ ಮೇಲೆ ಒಳಗೆ ಹೋಗಿ ಚಿಲಕ ಹಾಕಿದೆವು, ತೆಗೆದೆವು, ಮತ್ತೆ ಹಾಕಿದೆವು. ಹೊರಗಿದ್ದವಳು ಬಾಗಿಲು ತಟ್ಟಬೇಕು, ಒಳಗಿದ್ದವಳು "ಈಗ ಆಗಲ್ಲ, ಆಮೇಲೆ ಬನ್ನಿ," ಅನ್ನಬೇಕು. ಆ ಆಟದಲ್ಲಿ ಅಡುಗೆ ಮಾಡುವುದೇ ಮರೆತುಹೋಯಿತು.

ಅಡುಗೆಮನೆಯ ಕಟ್ಟೆಯನ್ನು ನನ್ನ ಗಾಲಿಕುರ್ಚಿಯ ಎತ್ತರಕ್ಕೆ ತಗ್ಗಿಸಿದ್ದರು. ಕೊಕ್ಕರೆಯಂಥ ನೀನು ಅದರ ಮುಂದೆ ಬಗ್ಗಿ ಬಗ್ಗಿ, "ಈ ಮನೇಲಿ ಅಂಗವಿಕಲೆ ಅಂದ್ರೆ ನಾನೊಬ್ಳೇ," ಎಂದು ಗೊಣಗುತ್ತಿದ್ದೆ. ನಾನು ಕೆಲಸ ಮುಗಿಸಿ ಬಂದರೆ ಮನೆಯೆಲ್ಲ ಕತ್ತಲು, ಆ ಕತ್ತಲೊಳಗಿನಿಂದ ಈರುಳ್ಳಿ ಹುರಿಯುವ ಘಮ. ಹಾಲು ಉಕ್ಕುವುದು ನನ್ನ ಕಣ್ಣಿಗಿಂತ ಮೊದಲು ನಿನ್ನ ಕಿವಿಗೆ ತಿಳಿಯುತ್ತಿತ್ತು. ನಾನು ಕುರ್ಚಿಯನ್ನು ದಾರಿಗಡ್ಡ ನಿಲ್ಲಿಸಿದೆನೋ, ನೀನು ದಡಕ್ಕನೆ ನನ್ನ ತೊಡೆಯ ಮೇಲೆ. ನೋಡಲು ಬಂದವರೆಲ್ಲ, ಇವಳಿಗೆ ಅವಳು ಕಾಲು, ಅವಳಿಗೆ ಇವಳು ಕಣ್ಣು ಎಂದು ಮೂಗೊರೆಸಿಕೊಂಡು ಹೋಗುತ್ತಿದ್ದರು. ಅವರು ಗೇಟು ದಾಟುವುದೇ ತಡ, "ಹಾಗಾದ್ರೆ ಪಾತ್ರೆ ತೊಳೆಯೋ ಕೈ ಯಾರ್ದು?" ಎಂದು ನೀನು ಕೇಳುತ್ತಿದ್ದೆ.

ಬೆಳಗ್ಗೆ ಇಬ್ಬರೂ ಒಂದೇ ಆಸ್ಪತ್ರೆಗೆ ಹೊರಡುತ್ತಿದ್ದೆವು. ನಾನು ಬಟ್ಟೆ ಕೋಣೆಗೆ, ಹರಿದ ಹೊದಿಕೆ, ದಿಂಬಿನ ಚೀಲ ಹೊಲಿಯಲು. ನೀನು ಮುಂಬಾಗಿಲ ಬಳಿಯ ಟೆಲಿಫೋನ್ ಮೇಜಿಗೆ. ಆಮೇಲೆ ಫೋನಿಗೆ ತಾನೇ ಉತ್ತರಿಸುವ ಆ ಯಂತ್ರ ಬಂತು. ಒಂದನ್ನು ಒತ್ತಿ, ಎರಡನ್ನು ಒತ್ತಿ. ನಿನ್ನ ಮೇಜನ್ನು ಎತ್ತಿಬಿಟ್ಟರು. ಬೇರೆ ಕೆಲಸ ಸಿಗುವವರೆಗೆ ಇಲ್ಲೇ ಇರು ಎಂದು ಅಕ್ಕ ಎಷ್ಟು ಹೇಳಿದರೂ ನೀನು ಕೇಳಲಿಲ್ಲ. "ಸ್ವಲ್ಪ ದಿನ ಅಣ್ಣನ ಮನೇಲಿದ್ದು ಬರ್ತೀನಿ," ಎಂದು ಚೀಲ ಕಟ್ಟಿದೆ. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಈಗ ಸುದ್ದಿಗೆ ಬರುತ್ತೇನೆ. ಆ ಯಂತ್ರಕ್ಕೊಂದು ಹುಚ್ಚು ಹಿಡಿದಿದೆ. ಏನನ್ನೂ ಒತ್ತದೆ ಸುಮ್ಮನಿದ್ದವರನ್ನೆಲ್ಲ ಸೀದಾ ನಮ್ಮ ಬಟ್ಟೆ ಕೋಣೆಗೆ ಕಳಿಸುತ್ತದೆ. ವಯಸ್ಸಾದವರು, ಗಾಬರಿಬಿದ್ದವರು, ಎಲ್ಲರೂ ನನ್ನ ಪಾಲಿಗೆ. ಒಬ್ಬ ಅಜ್ಜ, "ತಾಯೀ, ನಮ್ಮ ಹುಡುಗಿಗೆ ಹೆರಿಗೆ ಆಯ್ತಾ?" ಎಂದು ಅಳುತ್ತಿದ್ದರು. ದಿಂಬಿನ ಚೀಲ ಬಿಟ್ಟರೆ ನನಗೇನು ಗೊತ್ತು? ಕುರ್ಚಿ ಉರುಳಿಸಿಕೊಂಡು ಹೆರಿಗೆ ವಾರ್ಡಿಗೆ ಹೋಗಿ ಕೇಳಿ ಬಂದೆ. ಹೆಣ್ಣುಮಗು. ಮರುದಿನ ಆ ಅಜ್ಜ ಆಡಳಿತಾಧಿಕಾರಿಯ ಮುಂದೆ ಹೋಗಿ ಕೂತು, "ಆ ಬಟ್ಟೆ ಕೋಣೆ ತಾಯಿ ಇಲ್ದಿದ್ರೆ, ನಿಮ್ಮ ಆಸ್ಪತ್ರೇಲಿ ಮನುಷ್ಯರೇ ಇಲ್ಲ ಅನ್ಕೋತಿದ್ದೆ," ಅಂದರಂತೆ.

ಅಧಿಕಾರಿ ನನ್ನನ್ನು ಕರೆಸಿ, ಫೋನಿನ ಕೆಲಸಕ್ಕೇ ಬರುತ್ತೀರಾ ಎಂದು ಕೇಳಿದರು. "ನಂಗೆ ಸೂಜಿ ಸಾಕು ಸಾರ್. ಆ ಕೆಲಸ ಬಲ್ಲೋರೊಬ್ರು ಇದ್ರು, ನೀವೇ ಕಳಿಸಿಬಿಟ್ರಿ," ಅಂದೆ. ಅವರು, "ಕರೀರಿ, ಮಾತಾಡೋಣ," ಅಂದರು. ಮನೆಗೆ ಹೋದ ರೋಗಿಗಳಿಗೆ ಫೋನ್ ಮಾಡಿ ವಿಚಾರಿಸಿಕೊಳ್ಳುವುದೂ ಸೇರಿ ಇದು ಹೊಸ ಹುದ್ದೆಯಂತೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಕಂಪ್ಯೂಟರನ್ನು ಸಂಸ್ಥೆಯೇ ಕೊಡಿಸುತ್ತದೆ, ಕಲಿಯುವವರೆಗೆ ಜೊತೆಗೊಬ್ಬರನ್ನೂ ಕೂರಿಸುತ್ತದೆ. ನಿನ್ನ ಕೋಣೆ ಹಾಗೇ ಇದೆ.

ಬರುವ ಭಾನುವಾರ ಅಕ್ಕ ವ್ಯಾನಿನಲ್ಲಿ ನಿಮ್ಮಲ್ಲಿಗೆ ಬರುತ್ತಾರೆ, ನಾನೂ ಬರುತ್ತೇನೆ. ಆದರೆ ಅಕ್ಕ ಮೊದಲೇ ಹೇಳಿಬಿಟ್ಟಿದ್ದಾರೆ: "ಬರ್ತೀನಿ ಅನ್ನೋದು ಅವಳ ಬಾಯಿಂದಾನೇ ಬರ್ಬೇಕು. ಅವಳ ಪರವಾಗಿ ನಾನು ಹೇಳಲ್ಲ, ನೀನೂ ಹೇಳ್ಬೇಡ." ನಿಮ್ಮದು ಎರಡನೇ ಮಹಡಿ. ನನ್ನ ಕುರ್ಚಿ ಮೆಟ್ಟಿಲ ಬುಡದವರೆಗೆ ಮಾತ್ರ. ಅಲ್ಲಿ ಕಾಯುತ್ತಿರುತ್ತೇನೆ. ಬರುವುದಿಲ್ಲ ಎಂದಾದರೆ ಮುನಿಸಿಕೊಳ್ಳುವುದಿಲ್ಲ. ಆದರೆ ಅದನ್ನು ಮೇಲಿನಿಂದ ಕೂಗಿ ಹೇಳು, ನಿನ್ನ ಹಳೆಯ ದನಿಯಲ್ಲಿ.

ಇಂತಿ,
ನಿನ್ನ ಟೈಲರಮ್ಮ

ತಾ.ಕ.: ಕೋಣೆ ತಾನಾಗಿ ಖಾಲಿ ಉಳಿದದ್ದಲ್ಲ. ನೋಡಲು ಬಂದವರನ್ನೆಲ್ಲ ನಾನೇ ಓಡಿಸಿದೆ. ಒಬ್ಬಳಿಗೆ ಸೂರು ಸೋರುತ್ತದೆ ಅಂದೆ, ಇನ್ನೊಬ್ಬಳಿಗೆ ನನ್ನ ಗೊರಕೆಯ ವಿಷಯ ಹೇಳಿದೆ. ನಮ್ಮಷ್ಟಕ್ಕೆ ನಾವು ಬದುಕುವುದನ್ನು ಕಲಿಯಲೆಂದು ಈ ಮನೆ ಕೊಟ್ಟರು. ಒಬ್ಬಳೇ ಇರುವುದನ್ನೂ ಕಲಿತೆ. ಇಷ್ಟವಾಗಲಿಲ್ಲ.

*

ಗುರುವಾರ

ಟೈಲರಮ್ಮಾ,

ನಿನ್ನ ಒತ್ತಕ್ಷರಗಳಿಗೆ ನಾನು ನಕ್ಕ ಸದ್ದಿಗೆ ಅತ್ತಿಗೆ ಏನಾಯಿತೋ ಎಂದು ಓಡಿಬಂದರು. ನಮ್ಮಿಬ್ಬರ ನಡುವೆ ಇರಲಿ ಎಂದು ನೀನು ಬರೆದಿದ್ದೆ, ಆದರೆ ನಾನು ಕಾಗದವನ್ನು ಅಣ್ಣನಿಗೆ ಪೂರ್ತಿ ಓದಿ ಹೇಳಿದೆ. ನಡುವೆ ಅವನ ಕುರ್ಚಿ ಸರಿದ ಸದ್ದಾಯಿತು. ಎದ್ದುಹೋದ ಎಂದುಕೊಂಡೆ, ಹೋಗಿರಲಿಲ್ಲ. "ನಿನ್ನ ನೋಡ್ಕೊಳ್ಳೋದು ಕಷ್ಟ ಅಂತ ನಾವು ಯಾವತ್ತಾದ್ರೂ ಅಂದ್ವಾ?" ಎಂದು ಕೇಳಿದ. "ನೀವು ಅಂದಿಲ್ಲಣ್ಣ. ನಂಗೇ ಕಷ್ಟ ಆಗಿದೆ. ನಾನು ಕೆಲಸಕ್ಕೆ ಹೋಗ್ಬೇಕು," ಅಂದೆ.

ಮರುದಿನ ಬೆಳಗ್ಗೆ ಅಟ್ಟದ ಮೇಲಿದ್ದ ನನ್ನ ಬಿಳಿ ಕೋಲನ್ನು ಒರೆಸಿ ಕೈಗೆ ಕೊಟ್ಟ. "ಮೆಟ್ಟಿಲು ಇಳಿ. ಹಿಂದೆ ಇರ್ತೀನಿ, ಹಿಡ್ಕೊಳ್ಳಲ್ಲ," ಅಂದ. ಅವನ ಉಸಿರು ನನ್ನ ಬೆನ್ನ ಹಿಂದೆಯೇ ಕೇಳುತ್ತಿತ್ತು. ಇಳಿದೆ. ಬೀದಿಯ ಕೊನೆಯವರೆಗೂ ಹೋಗಿ ಬಂದೆವು. ಹಿಂತಿರುಗುವಾಗ ಅವನು, ನಿನ್ನ ನನ್ನ ಮನೆಯ ಮುಂದಿನ ರಸ್ತೆಯಲ್ಲಿ ಸೈಕಲ್ಲುಗಳ ಓಡಾಟ ಜಾಸ್ತಿಯಾ ಎಂದು ಕೇಳಿದ. ಜಾಸ್ತಿಯೇ ಎಂದೆ. ಸುಳ್ಳು ಹೇಳಲಿಲ್ಲ.

ಭಾನುವಾರ ಗೇಟಿನ ಬಳಿಯೇ ಇರುತ್ತೇನೆ, ಚೀಲದ ಸಮೇತ.

ನಿನ್ನ ರೇಡಿಯೊ

ತಾ.ಕ.: ನೀನು ಓಡಿಸಿದವರಲ್ಲಿ ಮೊದಲನೆಯವಳು ಅಕ್ಕನ ಹತ್ತಿರ ನನ್ನ ನಂಬರ್ ತೆಗೆದುಕೊಂಡು, ಮನೆ ಹೇಗಿದೆ ಎಂದು ನಿನ್ನಲ್ಲಿಗೆ ಬರುವ ಮುಂಚೆಯೇ ನನ್ನನ್ನು ಕೇಳಿದ್ದಳು. ಬಚ್ಚಲಲ್ಲಿ ಚೇಳು ಬರುತ್ತದೆ ಎಂದೆ.