ಗೂಡಿನ ಮುಂದಿನ ರೆಂಬೆ

ಏಪ್ರಿಲ್ ೯, ಬೆಳಿಗ್ಗೆ ೬.೧೦

ಏಳನೆಯ ಗೂಡು. ಎಂದಿನಂತೆ ಮರೆಯಲ್ಲಿ ಕುಳಿತೆ. ಚಿತ್ರಪಕ್ಷಿಗಳ ಜೋಡಿ — ಗಂಡು ಕಡುಕೆಂಪು, ಹೆಣ್ಣು ಅಚ್ಚಹಳದಿ. ಜೇಡರ ಬಲೆಯಿಂದ ಹೆಣೆದು, ಹೊರಗೆ ಕಲ್ಲುಹೂವು ಮೆತ್ತಿದ ಗೂಡು. ನೋಡಿದವರಿಗೆ ಕೊಂಬೆಯ ಗಂಟು. ಮೂರು ಮರಿ. ಗಂಟೆಗೆ ಹದಿನಾಲ್ಕು ಗುಟುಕು. ಕೊಟ್ಟದ್ದು ಗಂಡೋ ಹೆಣ್ಣೋ — ಐದು ಸಲ ತಿಳಿಯಲಿಲ್ಲ. ನಡುವೆ ಒಂದು ಎಲೆರೆಂಬೆ. ನನ್ನ ಥೀಸಿಸ್‌ನಲ್ಲಿ ಖಾಲಿ ಅಂಕಣವೇ? ತರಗತಿಯಲ್ಲಿ ಎರಡನೆಯ ಸ್ಥಾನವನ್ನು ಕಂಡವಳಲ್ಲ ನಾನು.

"ಅಜ್ಜ, ಆ ರೆಂಬೆ ತೆಗೆದ್ಬಿಡೋಣ್ವಾ?"

ಕಾಡಿನ ಕಾವಲುಗಾರ ಅಜ್ಜ ನಕ್ಕರು. "ಬೇಡ ರ‍್ಯಾಂಕಮ್ಮ. ಅದು ಅವುಗಳ ಬಾಗಿಲು. ನಿನ್ನ ಮನೆ ಬಾಗಿಲು ಕಿತ್ಹಾಕಿ, ನೀನು ತಿನ್ನೋ ತುತ್ತು ಯಾರಾದ್ರೂ ಎಣಿಸಿದ್ರೆ ಸುಮ್ನಿರ್ತೀಯಾ?"

ಏಪ್ರಿಲ್ ೧೦

ಅಜ್ಜ ನೀರು ತರಲು ಹೋದಾಗ, ತುದಿಗೆ ಕುಡುಗೋಲು ಕಟ್ಟಿದ ದೋಟಿಯಿಂದ ರೆಂಬೆಯನ್ನು ಕತ್ತರಿಸಿದೆ. ಈಗ ಎಲ್ಲವೂ ಸ್ಪಷ್ಟ. ಗಂಡು ಎಂಟು, ಹೆಣ್ಣು ಆರು. ಒಂದೂ ತಪ್ಪಿಲ್ಲ.

ಏಪ್ರಿಲ್ ೧೧, ಬೆಳಿಗ್ಗೆ ೭.೨೫

ಕಾಡುಕಾಗೆ. ಮೂರನ್ನೂ ಒಯ್ದಿತು. ಅದೂ ಸ್ಪಷ್ಟವಾಗಿಯೇ ಕಂಡಿತು. ಗಂಡು ಮೇಲೆರಗಿ ಅಟ್ಟಿತು — ವ್ಯರ್ಥ. ಹೆಣ್ಣು ಕೊಕ್ಕಿನಲ್ಲಿ ಹಸಿರು ಹುಳು ಹಿಡಿದು, ಗೂಡಿನಂಚಿನಲ್ಲಿ ಹನ್ನೊಂದು ನಿಮಿಷ ನಿಂತಿತ್ತು. ಇದನ್ನು ಯಾವ ಅಂಕಣದಲ್ಲಿ ಬರೆಯಲಿ...

ಏಪ್ರಿಲ್ ೧೫

ಗೈಡ್ ಮೇಡಂ ಬಂದಿದ್ದರು. ಮರದ ಮೇಲಿನ ಹಸಿ ಗಾಯ ಅವರ ಕಣ್ಣು ತಪ್ಪಲಿಲ್ಲ.

"ಯಾರ್ರೀ ಇದನ್ನ ಕಡಿದಿದ್ದು?"

ಅಜ್ಜ ನನ್ನತ್ತ ನೋಡಿದರು. ನಾನು ನೋಟ್‌ಬುಕ್ಕಿನತ್ತ.

"ನಾನೇ ಮೇಡಂ. ವಯಸ್ಸಾಯ್ತು ನೋಡಿ, ಬುದ್ಧಿ ಓಡಲ್ಲ."

"ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದೀರ, ಇಷ್ಟೂ ಗೊತ್ತಾಗ್ಲಿಲ್ವಾ? ನಾಳೆಯಿಂದ ನಮ್ಮ ಕೆಲಸಕ್ಕೆ ಬರ್ಬೇಡಿ."

ಒಂದು ಮಾತು ಸಾಕಿತ್ತು. ನಾನು ನೋಟ್‌ಬುಕ್ಕಿನ ಪುಟ ತಿರುಗಿಸಿದೆ. ಹೊರಡುವಾಗ ಅಜ್ಜ ಬೈನಾಕ್ಯುಲರ್ ಒರೆಸಿ ನನ್ನ ಕೈಗಿಟ್ಟರು. "ಚೆನ್ನಾಗಿ ಓದಮ್ಮ." ರ‍್ಯಾಂಕಮ್ಮ ಎನ್ನಲಿಲ್ಲ.

ಮೇ ೨

ಹೆಣ್ಣು ಹಳೆಯ ಗೂಡನ್ನು ಎಳೆಎಳೆಯಾಗಿ ಬಿಚ್ಚಿ ಒಯ್ಯುತ್ತಿದೆ. ಹೊಸದನ್ನು ಕಟ್ಟುತ್ತಿರುವುದು ಅಜ್ಜ ಕೂರುತ್ತಿದ್ದ ಕಲ್ಲಿನ ನೇರಕ್ಕೆ, ಮೇಲೆ. ಸುತ್ತ ಎಷ್ಟು ಎಲೆಯೆಂದರೆ ಏನೂ ಕಾಣದು. "ನೋಡಿ ಅಜ್ಜ" ಎಂದೇಬಿಟ್ಟೆ. ಕಲ್ಲಿನ ಮೇಲೆ ತರಗೆಲೆ.

ಮೇ ೩, ಬೆಳಿಗ್ಗೆ ೫.೪೦

ಮೇಡಂಗೆ ಪತ್ರ. "ದೋಟಿ ಹಿಡಿದದ್ದು ಅಜ್ಜನಲ್ಲ" — ಇಲ್ಲಿಗೆ ನಿಲ್ಲುತ್ತದೆ. ನಾಲ್ಕು ಹಾಳೆ ಹರಿದೆ. ಎಂಟಕ್ಕೆ ಟಪಾಲು ಒಯ್ಯುವ ಜೀಪು ಹೊರಡುತ್ತದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಯಾರೂ ಓದದ ಕಡೆ. ದೋಟಿ ಹಿಡಿದದ್ದು