ಟೀ ಕುಡಿದು ಬಂದವನು ಎರಡನೆಯವನಾಗುತ್ತಾನೆಯೇ?

ವಿಮಾನ ಸುರಕ್ಷತೆಯ ನಿಯಮಗಳನ್ನು ಬರೆಯುವ, ಬರೆದದ್ದನ್ನು ಜಾರಿ ಮಾಡುವ, ಜಾರಿಯಾದದ್ದು ಕೆಟ್ಟರೆ ತನಿಖೆಯನ್ನೂ ತಾವೇ ನಡೆಸುವ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಅಳಿಯನ ಲೈಸೆನ್ಸನ್ನು ರದ್ದು ಮಾಡಿದ್ದೀರಿ. ಅವನು ವಿಮಾನದ ಮೆಕ್ಯಾನಿಕ್. ರೆಕ್ಕೆಯ ಕೇಬಲ್ಲುಗಳನ್ನು ಅದಲುಬದಲಾಗಿ ಜೋಡಿಸಿದ. ಅದರಿಂದ ಒಬ್ಬ ಪೈಲಟಮ್ಮ ಭುಜದ ಮೂಳೆ ಮುರಿದುಕೊಂಡರು. ತಪ್ಪು ಅವನದೇ. ಮಗಳ ಗಂಡ ಅಂತ ಅದನ್ನು ಮುಚ್ಚಿಹಾಕಲು ನಾನು ಹೊರಟಿಲ್ಲ. ಆದರೆ ಆ ತಪ್ಪನ್ನು ಹಿಡಿಯಲು ಅಲ್ಲಿ ಇನ್ನೊಬ್ಬ ಇರಬೇಕಾಗಿತ್ತು. ಆ ಇನ್ನೊಬ್ಬನನ್ನು ಕಿತ್ತುಹಾಕಿದ್ದು ತಮ್ಮ ಸುತ್ತೋಲೆ. ಅಳಿಯ ಮನೆ ಸೇರಿದ. ಸುತ್ತೋಲೆ ಮಾತ್ರ ಗುಂಡುಕಲ್ಲಿನ ಹಾಗೆ ಇದೆ.

ಆ ಇನ್ನೊಬ್ಬ ನಾನೇ.

ತಮಗೆ ಗೊತ್ತಿರುವ ವಿಷಯವೇ ಆದರೂ, ಈ ಪತ್ರ ಓದುವ ಉಳಿದವರಿಗಾಗಿ ಹೇಳುತ್ತೇನೆ. ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ ಭಾಗಗಳನ್ನು ಬಿಚ್ಚಿ ಕಟ್ಟಿದರೆ, ಕಟ್ಟಿದವನನ್ನು ಬಿಟ್ಟು ಬೇರೊಬ್ಬ ಬಂದು ನೋಡಿ ಸಹಿ ಹಾಕಬೇಕಿತ್ತು. ನಮ್ಮ ಹ್ಯಾಂಗರಿನಲ್ಲಿ ಇದಕ್ಕೊಂದು ಪದ್ಧತಿಯೇ ಇತ್ತು. ಕೆಲಸ ನಡೆಯುವಾಗ ಎರಡನೆಯವನು ಆ ಕಡೆ ತಲೆ ಹಾಕಬಾರದು. ಎರಡನೆಯವನು ಜೋಡಣೆ ನೋಡಿ ಮುಗಿಸುವವರೆಗೆ ಇಬ್ಬರೂ ಮಾತು ಬಿಟ್ಟವರ ಹಾಗಿರಬೇಕು. "ಎಲ್ಲಾ ಸರಿ ಮಾಡಿದೀನಿ ಬಿಡಿ" ಅಂತ ಮೊದಲನೆಯವನು ಒಂದು ಮಾತು ಅಂದುಬಿಟ್ಟರೂ ಸಾಕು, ಎರಡನೆಯವನ ಕಣ್ಣಿಗೂ ಎಲ್ಲಾ ಸರಿಯಾಗಿಯೇ ಕಾಣಲು ಶುರುವಾಗುತ್ತದೆ. ಆಮೇಲೆ ಇಬ್ಬರಲ್ಲಿ ಒಬ್ಬ ಪೈಲಟ್‌ನ ಕುರ್ಚಿಯಲ್ಲಿ ಕೂತು ಹಿಡಿಯನ್ನು ತಿರುಗಿಸಿ "ಎಡಾ!" ಎಂದು ಕೂಗಬೇಕು. ಇನ್ನೊಬ್ಬ ರೆಕ್ಕೆಯ ಹಿಂದೆ, ವಿಮಾನದ ಮೂತಿ ಯಾವ ಕಡೆಗೋ ಆ ಕಡೆಗೇ ಮುಖ ಮಾಡಿ ನಿಂತು, ರೆಕ್ಕೆಯ ಅಂಚಿನ ಪಟ್ಟಿ ಎದ್ದಿತೋ ಇಳಿಯಿತೋ ನೋಡಿ "ಎಡ ಮೇಲೇ!" ಎಂದು ತಿರುಗಿ ಕೂಗಬೇಕು. ಎಡಕ್ಕೆ ತಿರುಗಿಸಿದರೆ ಎಡಗಡೆಯ ಪಟ್ಟಿ ಮೇಲೇಳಬೇಕು. ಇಷ್ಟೇ ವಿದ್ಯೆ. ಇದಕ್ಕೆ ಬೇಕಾದದ್ದು ಎರಡು ಗಂಟಲು, ಎರಡು ಜೊತೆ ಕಣ್ಣು.

ಅಳಿಯನ ಕೆಲಸವನ್ನು ನಾನು ಬಹಳ ಸಲ ನೋಡಿದ್ದೇನೆ. ಬೇರೆಯವರ ಕೆಲಸದಲ್ಲಿ ಒಂದು ಹುಳುಕು ಹುಡುಕಿದರೆ ಅವನದರಲ್ಲಿ ನಾಲ್ಕು ಹುಡುಕುತ್ತಿದ್ದೆ. ಹ್ಯಾಂಗರಿನವರು ನಮ್ಮಿಬ್ಬರಿಗೆ ಅತ್ತೆ-ಸೊಸೆ ಅಂತಲೇ ಹೆಸರಿಟ್ಟಿದ್ದರು. "ನಿಮ್ಮ ಅತ್ತೆ ಬಂದ್ರು ನೋಡಪ್ಪಾ, ಸೆರಗು ಸರಿ ಮಾಡ್ಕೋ" ಎಂದು ಅವನನ್ನು ರೇಗಿಸುತ್ತಿದ್ದರು. ಆಗ ತಮ್ಮ ಕಚೇರಿಯಿಂದ ಒಂದು ಆಕ್ಷೇಪಣೆ ಬಂದಿತ್ತು, ನೆನಪಿದೆಯೇ? ಪರೀಕ್ಷಿಸುವವನು ಕೆಲಸ ಮಾಡಿದವನ ಸಂಬಂಧಿಕನಾಗಿರುವುದು ಅಪೇಕ್ಷಣೀಯವಲ್ಲ, ಪಕ್ಷಪಾತಕ್ಕೆ ಎಡೆಯಾದೀತು ಎಂದು. ಸಂತೋಷ. ಅಂಥ ನಿಷ್ಠುರರಾದ ತಾವು ಆಮೇಲೆ ಏನು ಮಾಡಿದಿರಿ? "ಎರಡನೆಯ ಅರ್ಹ ವ್ಯಕ್ತಿ ಲಭ್ಯವಿಲ್ಲದ ಸಂದರ್ಭದಲ್ಲಿ, ಕೆಲಸ ನಿರ್ವಹಿಸಿದ ವ್ಯಕ್ತಿಯೇ ಸೂಕ್ತ ವಿರಾಮದ ನಂತರ ಮರುಪರಿಶೀಲನೆ ನಡೆಸಬಹುದು" ಎಂದು ಸುತ್ತೋಲೆ ಹೊರಡಿಸಿದಿರಿ. ಮಾವ ನೋಡಿದರೆ ಪಕ್ಷಪಾತ, ಅವನನ್ನು ಅವನೇ ನೋಡಿಕೊಂಡರೆ ನಿಷ್ಪಕ್ಷಪಾತ! ಸ್ವಾಮೀ, ನನ್ನ ಅಳಿಯನಿಗೆ ನನಗಿಂತ ಹತ್ತಿರದ ಸಂಬಂಧಿಕ ಅವನೇ ಅಲ್ಲವೇ? ಅಳಿಯ ಅಲ್ಲ, ಮಗಳ ಗಂಡ ಅನ್ನುವುದನ್ನು ಕೇಳಿದ್ದೆ. ಅದಕ್ಕೆ ಸರ್ಕಾರಿ ಮೊಹರು ಬಿದ್ದದ್ದನ್ನು ತಮ್ಮ ಕಾಲದಲ್ಲೇ ಕಂಡದ್ದು.

"ಲಭ್ಯವಿಲ್ಲದ ಸಂದರ್ಭದಲ್ಲಿ" ಎಂಬ ಮಾತು ಅಪರೂಪಕ್ಕೆಂದು ಇಟ್ಟದ್ದು ಎಂದು ವಿಚಾರಣೆಯಲ್ಲಿ ಹೇಳಿದಿರಿ. ಕಂಪನಿಯವರಿಗೆ ಅಷ್ಟು ಸಂದು ಸಾಕಾಗಿತ್ತು. ಲಭ್ಯವಿಲ್ಲದ ಹಾಗೆ ಮಾಡುವುದೇನು ಬ್ರಹ್ಮವಿದ್ಯೆಯೇ? ನನ್ನನ್ನು ಉಗ್ರಾಣಕ್ಕೆ ಹಾಕಿದರು. ಹ್ಯಾಂಗರಿಗೂ ಉಗ್ರಾಣಕ್ಕೂ ನಡುವೆ ಒಂದು ತಗಡಿನ ಗೋಡೆ. ಆ ಕಡೆ ಸ್ಪ್ಯಾನರ್ ಬಿದ್ದರೆ ಈ ಕಡೆ ನನಗೆ ಕೇಳುತ್ತದೆ. ಆದರೂ ನಾನು ಲಭ್ಯವಿಲ್ಲ.

ಆ ದಿನ ಮಧ್ಯಾಹ್ನ ಅಳಿಯ ಹೊಸ ಕೇಬಲ್ ಹಾಕಿ ಮುಗಿಸಿದ್ದ. ಮೊದಲ ಸಲ ನೋಡಿಯೂ ಆಗಿತ್ತು. ಟೀ ಯಂತ್ರದ ಹತ್ತಿರ ಸಿಕ್ಕಿದ.

"ಏನಪ್ಪಾ, ಒಬ್ನೇ ಟೀ ಕುಡೀತಿದೀಯ?" ಅಂದೆ.

"ಸೂಕ್ತ ವಿರಾಮ ತಗೋತಿದೀನಿ ಮಾವ. ಈ ಲೋಟ ಖಾಲಿ ಆದ್ರೆ ನಾನೇ ನೀವಾಗ್ತೀನಿ."

"ಹಾಗಾದ್ರೆ ಸ್ವಲ್ಪ ಮುಖ ಗಂಟು ಹಾಕ್ಕೊಂಡು ಹೋಗು" ಅಂದೆ. ಇಬ್ಬರೂ ನಕ್ಕೆವು.

ಒಬ್ಬನೇ ಈ ಪರೀಕ್ಷೆಯನ್ನು ಹೇಗೆ ಮಾಡುತ್ತಾನೆ ಎಂದು ತಾವು ಯಾವತ್ತಾದರೂ ಯೋಚಿಸಿದ್ದಿರೇ? ಅವನು ಕುರ್ಚಿಯಲ್ಲಿ ಕೂತು ಹಿಡಿಯನ್ನು ಎಡಕ್ಕೆ ತಿರುಗಿಸಿ, ಜಾರದಿರಲೆಂದು ಸೀಟ್ ಬೆಲ್ಟಿನಲ್ಲಿ ಕಟ್ಟಿ, ಇಳಿದು ಬಂದ. ರೆಕ್ಕೆಯ ಹಿಂದೆ ಏಣಿ, ಪೆಟ್ಟಿಗೆಗಳು ಒತ್ತಿಕೊಂಡಿದ್ದವು. ಇಳಿದ ಕಡೆಯಲ್ಲೇ, ವಿಮಾನದ ಮುಂದೆ, ಅದಕ್ಕೆ ಎದುರಾಗಿ ನಿಂತು ನೋಡಿದ. ತನ್ನ ಎಡಗೈ ಕಡೆಯ ಪಟ್ಟಿ ಮೇಲೆದ್ದಿತ್ತು. ಸರಿ ಅಂದುಕೊಂಡ. ಎದುರು ನಿಂತವನ ಎಡಗೈ ಕಡೆಗಿರುವುದು ವಿಮಾನದ ಬಲ ರೆಕ್ಕೆ. ಯಾರಾದರೂ ಕೂಗಿ ಕೇಳಿದ್ದರೆ ಉತ್ತರ ಕೊಡುವಾಗಲಾದರೂ ಎಚ್ಚರವಾಗುತ್ತಿತ್ತು. ಯಾರೂ ಕೂಗಲಿಲ್ಲ. ಟೀ ಕುಡಿದು ಬಂದ, ಅದೇ ಜಾಗದಲ್ಲಿ ನಿಂತ, ಅದೇ ಪಟ್ಟಿ ನೋಡಿದ, ಎರಡನೆಯ ಸಹಿ ಹಾಕಿದ. ತಮ್ಮ ನಿಯಮವನ್ನು ಅವನಷ್ಟು ಚಾಚೂ ತಪ್ಪದೆ ಪಾಲಿಸಿದವರು ಇನ್ನೊಬ್ಬರಿಲ್ಲ.

ಆ ವಿಮಾನದಲ್ಲಿ ಪೈಲಟ್ ಕುರ್ಚಿಯಿಂದ ರೆಕ್ಕೆಯ ತುದಿ ಕಾಣುವುದಿಲ್ಲ. ಪ್ರಯಾಣಿಕರಿಲ್ಲದ ಪರೀಕ್ಷಾ ಹಾರಾಟವಾಗಿತ್ತು, ಯಾರ ಪುಣ್ಯವೋ. ನೆಲ ಬಿಟ್ಟ ಕೂಡಲೇ ಪೈಲಟಮ್ಮ ಎಡಕ್ಕೆ ತಿರುಗಿಸಿದರೆ ವಿಮಾನ ಬಲಕ್ಕೆ ವಾಲಿತು. ಬೇರೆಯವರಾಗಿದ್ದರೆ ಇನ್ನೂ ಎಡಕ್ಕೆ ಎಳೆದು ಮಗುಚಿಕೊಳ್ಳುತ್ತಿದ್ದರು. ಆಕೆ ಕ್ಷಣದಲ್ಲಿ ಅರ್ಥ ಮಾಡಿಕೊಂಡು ಎಲ್ಲವನ್ನೂ ಉಲ್ಟಾ ತಿರುಗಿಸುತ್ತಾ ರನ್‌ವೇ ಆಚೆಗಿನ ಹುಲ್ಲಿನ ಮೇಲೆ ಇಳಿಸಿದರು. ಭುಜಕ್ಕೆ ಪಟ್ಟಿ ಕಟ್ಟಿಕೊಂಡೇ ಅಳಿಯನನ್ನು ನೋಡಲು ನಮ್ಮ ಮನೆಗೆ ಬಂದಿದ್ದರು. "ವಾಪಸ್ ಬನ್ನಿ. ನಿಮ್ ಕೆಲಸ ನಂಗೊತ್ತು. ಆದ್ರೆ ಬರೋವಾಗ ಮಾವನ್ನೂ ಕರ್ಕೊಂಡು ಬನ್ನಿ" ಅಂದರು.

ವಿಚಾರಣೆಯಲ್ಲಿ ತಾವು ಅವನನ್ನು ಕೇಳಿದಿರಿ: "ಎರಡು ಸಲ ನೋಡಿದ್ದೀರಿ. ಎರಡು ಸಲವೂ ಕಾಣಲಿಲ್ಲವೇ?"

"ಎರಡು ಸಲಾನೂ ನಾನೇ ನೋಡಿದ್ದು, ಸಾರ್" ಅಂದ.

ಆ ಉತ್ತರವನ್ನು ತಾವು ಬರೆಸಿಕೊಳ್ಳಲಿಲ್ಲ. ನಿಯಮವೇ ತಪ್ಪು ಎಂದು ಅವನು ಮೇಲ್ಮನವಿ ಹಾಕಿದ. ನಿಯಮ ಬರೆದವರು ತಾವು, ತೀರ್ಪು ಕೊಟ್ಟವರು ತಾವು, ಮೇಲ್ಮನವಿ ಯಾರ ಮುಂದೆ ಹೋಗಬೇಕು? ತಮ್ಮ ಮುಂದೆಯೇ ಹೋಯಿತು. "ಮರುಪರಿಶೀಲಿಸಲಾಗಿದೆ, ದೋಷ ಕಂಡುಬಂದಿಲ್ಲ" ಎಂದು ಉತ್ತರ ಬಂತು, ಅದೇ ಸಹಿ. ನಡುವೆ ಟೀ ಕುಡಿದಿದ್ದಿರೋ ಇಲ್ಲವೋ ತಿಳಿಯದು. ತಾವೂ ವಿಮಾನದ ಎದುರೇ ನಿಂತಿದ್ದೀರಿ, ಸ್ವಾಮೀ.

ಈಗ ಅವನು ಮನೆಯಲ್ಲಿದ್ದಾನೆ. ಗ್ಯಾಸ್ ಆರಿಸಿ ಬಂದು ಹೆಂಡತಿಯನ್ನು ಕರೆದು "ಒಂದ್ಸಲ ನೋಡೇ" ಅನ್ನುತ್ತಾನೆ. ಬಾಗಿಲು ಹಾಕಿದರೆ ಅದನ್ನೂ ಅವಳೇ ಎಳೆದು ನೋಡಬೇಕು. "ಅಪ್ಪಾ, ಇವ್ರು ಹೀಗಿರ್ಲಿಲ್ಲ" ಎಂದು ನನ್ನ ಮಗಳು ಅಡುಗೆಮನೆಯಲ್ಲಿ ನಿಂತು ಅತ್ತಳು. ಒಬ್ಬ ಒಳ್ಳೆಯ ಕೆಲಸಗಾರನಿಗೆ ತನ್ನ ಕಣ್ಣಿನ ಮೇಲೆಯೇ ನಂಬಿಕೆ ಹೋದರೆ, ಅದನ್ನು ಯಾವ ಉಗ್ರಾಣದಿಂದ ತಂದುಕೊಡಲಿ?

ಆ ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ. ಕಟ್ಟಿದವನು ಬೇರೆ, ನೋಡುವವನು ಬೇರೆ ಎಂಬ ಹಳೆಯ ನಿಯಮವನ್ನು "ಲಭ್ಯವಿಲ್ಲದ" ಎಂಬ ಬಾಲವಿಲ್ಲದೆ ಮತ್ತೆ ತನ್ನಿ. ಇನ್ನೊಬ್ಬ ಸಿಗದಿದ್ದರೆ ವಿಮಾನ ಹಾರದೆ ನಿಲ್ಲಲಿ. ಅಳಿಯನ ಮೇಲ್ಮನವಿಯನ್ನು, ಆ ನಿಯಮ ಬರೆಯದ ಯಾರಾದರೂ ಕೇಳಲಿ. ಶಿಕ್ಷೆಯೇ ಸರಿ ಎಂದು ಅವರು ಹೇಳಿದರೆ ನಾವು ತುಟಿ ಪಿಟಕ್ಕೆನ್ನುವುದಿಲ್ಲ.

ಈ ಪತ್ರವನ್ನು ಮೊದಲು ತಮ್ಮ ವಿಳಾಸಕ್ಕೇ ಕಳಿಸಬೇಕೆಂದಿದ್ದೆ. ಬರೆದು ಮುಗಿಸಿ, ಹಳೆಯ ಅಭ್ಯಾಸ, ಅಳಿಯನ ಕೈಗೆ ಕೊಟ್ಟೆ: "ತಪ್ಪಿದ್ರೆ ನೋಡಪ್ಪಾ." ಅವನು ಓದಿದ. ಮೊದಲಿನಿಂದ ಮತ್ತೆ ಓದಿದ. ಆಮೇಲೆ ಹಾಳೆಗಳನ್ನು ನನ್ನ ಮುಂದಿಟ್ಟು, "ನಾನ್ ನೋಡಿದ್ರೆ ಆಗಲ್ಲ ಮಾವ. ಬೇರೆ ಯಾರಿಗಾದ್ರೂ ತೋರಿಸಿ" ಅಂದ.

ಅದಕ್ಕೇ ಎಲ್ಲರಿಗೂ ತೋರಿಸುತ್ತಿದ್ದೇನೆ.

ಇಂತಿ,
ತಗಡಿನ ಗೋಡೆಯ ಈಚೆಗಿದ್ದೂ ಲಭ್ಯವಿಲ್ಲದ
ಎರಡನೆಯವನು